ಕೇಳುಗರು ಎತ್ತಿಕೊಂಡ ಹಾಡು



1973ರ ಜುಲೈ ತಿಂಗಳ ಕೊನೆಯ ದಿನಗಳು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಪ್ರಕಟಿಸುವ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ ‘ಸ್ಮೋಕ್ ಆನ್ ದ ವಾಟರ್’ ನಾಲ್ಕನೆಯ ಸ್ಥಾನಕ್ಕೆ ಏರಿತು. ಆ ಹೊತ್ತಿಗೆ ಅದನ್ನು ಹಾಡಿದ ಇಯಾನ್ ಗಿಲನ್ ತಂಡದಲ್ಲಿ ಇರಲಿಲ್ಲ. ಹಾಡಿಗೆ ಹೆಸರಿಟ್ಟ, ಅದರಲ್ಲಿ ಬೇಸ್ ಗಿಟಾರ್ ನುಡಿಸಿದ ರಾಜರ್ ಗ್ಲೋವರ್ ಕೂಡ ಇರಲಿಲ್ಲ. ಜೂನ್ 29ರಂದು ಜಪಾನಿನ ಒಸಾಕಾ ನಗರದಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ಇಬ್ಬರೂ ತಂಡ ಬಿಟ್ಟಿದ್ದರು. ಹಾಡು ಧ್ವನಿಮುದ್ರಣವಾಗಿ ಒಂದೂವರೆ ವರ್ಷ ಕಳೆದಿತ್ತು. ಅದು ಸೇರಿದ್ದ ಆಲ್ಬಂ ಅಂಗಡಿಗೆ ಬಂದು ಹದಿನಾರು ತಿಂಗಳಾಗಿತ್ತು. ಇಷ್ಟು ತಡವಾಗಿ, ಹಾಡಿದವರೇ ಹೊರಟುಹೋದ ಮೇಲೆ, ಒಂದು ಹಾಡು ಮೇಲೆದ್ದು ಬಂದದ್ದು ಹೇಗೆ?

ಈ ಹಾಡು ಹುಟ್ಟಿದ ಕಥೆಯನ್ನು ರಾಕ್ ಸಂಗೀತ ಕೇಳುವ ಬಹಳ ಜನ ಬಲ್ಲರು. ಅದು ಜನರ ಕೈ ಸೇರಿದ ಕಥೆ ಅಷ್ಟು ಬಳಕೆಯಲ್ಲಿಲ್ಲ. ನನ್ನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ. ಏಕೆಂದರೆ ಇದನ್ನು ಕಟ್ಟಿದವರಿಗೂ, ಮಾರಬೇಕಾಗಿದ್ದ ಕಂಪನಿಗೂ ಇದರ ಮೇಲೆ ದೊಡ್ಡ ಭರವಸೆ ಇರಲಿಲ್ಲ. ಆಲ್ಬಂನಲ್ಲಿ ಕೆಲವು ನಿಮಿಷ ಕಡಿಮೆ ಬಿದ್ದಾಗ ಸೇರಿಸಿದ ಹಾಡು ಇದು. ಇದನ್ನು ಮುಂದಕ್ಕೆ ತಂದವರು ಸಭಾಂಗಣಗಳಲ್ಲಿ ಕೂತ ಕೇಳುಗರು.

ಡೀಪ್ ಪರ್ಪಲ್ ಶುರುವಾದದ್ದು 1968ರಲ್ಲಿ. ಮರುವರ್ಷ ಗಿಲನ್ ಮತ್ತು ಗ್ಲೋವರ್ ಸೇರಿದ ಮೇಲೆ ಅದರ ಪ್ರಸಿದ್ಧ ಐವರ ಕೂಟ ಸಿದ್ಧವಾಯಿತು: ಗಿಟಾರಿಗೆ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ನಿಗೆ ಜಾನ್ ಲಾರ್ಡ್, ಡ್ರಮ್ಸ್‌ಗೆ ಇಯಾನ್ ಪೇಸ್, ಜೊತೆಗೆ ಹೊಸದಾಗಿ ಬಂದ ಇಬ್ಬರು. 1970ರ ‘ಇನ್ ರಾಕ್’ ಅವರಿಗೆ ಹೆಸರು ತಂದಿತು. 1971ರ ‘ಫೈರ್‌ಬಾಲ್’ ಆಲ್ಬಂ ಮಾಡುವಾಗ ಊರೂರು ತಿರುಗುವ ಕಾರ್ಯಕ್ರಮಗಳ ನಡುವೆ ಸಿಕ್ಕ ಸಿಕ್ಕ ದಿನ ಸ್ಟುಡಿಯೋಕ್ಕೆ ಓಡಬೇಕಾಗಿತ್ತು. ಆ ವರ್ಷದ ಕೊನೆಗೆ ಅಮೆರಿಕ ಪ್ರವಾಸದಲ್ಲಿ ಗಿಲನ್‌ಗೆ ಹೆಪಟೈಟಿಸ್ ಬಂದು ಪ್ರವಾಸ ನಿಂತಿತು. ಸಿಕ್ಕ ಬಿಡುವಿನಲ್ಲಿ ಮುಂದಿನ ಆಲ್ಬಂ ಅನ್ನು ಒಂದೇ ಕಡೆ ಕೂತು ಮುಗಿಸೋಣ, ಸ್ಟುಡಿಯೋ ಬೇಡ, ವೇದಿಕೆಯ ಮೇಲೆ ನುಡಿಸಿದಂತೆಯೇ ನುಡಿಸೋಣ ಎಂದು ತೀರ್ಮಾನಿಸಿದರು. ಇಂಗ್ಲೆಂಡಿನ ಹೊರಗೆ ಧ್ವನಿಮುದ್ರಿಸಿದರೆ ತೆರಿಗೆಯಲ್ಲಿ ಉಳಿಯುತ್ತದೆ ಎಂಬ ಸಲಹೆಯೂ ಇತ್ತು.

ಹಾಗೆ ಆರಿಸಿಕೊಂಡ ಊರು ಸ್ವಿಟ್ಜರ್‌ಲೆಂಡಿನ ಮಾಂಟ್ರೂ. ಜಿನೀವಾ ಸರೋವರದ ದಂಡೆಯ ಪುಟ್ಟ ಊರು. ಹಿಂದೆ ಬೆಟ್ಟ, ಮುಂದೆ ನೀರು. ಅಲ್ಲಿ ಕ್ಲೋಡ್ ನಾಬ್ಸ್ ಎಂಬ ಸಂಗೀತಪ್ರೇಮಿ ಇದ್ದರು. ಅಡುಗೆ ಕೆಲಸ ಕಲಿತು, ಆಮೇಲೆ ಊರಿನ ಪ್ರವಾಸೋದ್ಯಮ ಕಚೇರಿಯಲ್ಲಿ ದುಡಿದು, 1967ರಲ್ಲಿ ಮಾಂಟ್ರೂ ಜಾಝ್ ಉತ್ಸವವನ್ನು ಹುಟ್ಟುಹಾಕಿದವರು. ಉತ್ಸವ ನಡೆಯುತ್ತಿದ್ದ ಕ್ಯಾಸಿನೋ ಕಟ್ಟಡ ಚಳಿಗಾಲಕ್ಕೆ ಮುಚ್ಚುತ್ತದೆ, ಆಮೇಲೆ ಅದನ್ನು ನೀವೇ ಬಳಸಿಕೊಳ್ಳಿ ಎಂದು ತಂಡಕ್ಕೆ ಏರ್ಪಾಟು ಮಾಡಿಕೊಟ್ಟರು. ಧ್ವನಿಮುದ್ರಣಕ್ಕೆ ರೋಲಿಂಗ್ ಸ್ಟೋನ್ಸ್ ತಂಡದವರ ಲಾರಿಯನ್ನು ಬಾಡಿಗೆಗೆ ತರಿಸಲಾಯಿತು. ಒಳಗೆ ಇಡೀ ಸ್ಟುಡಿಯೋವನ್ನೇ ಜೋಡಿಸಿದ್ದ ಲಾರಿ ಅದು. ಹೊರಗೆ ಲಾರಿ ನಿಲ್ಲಿಸಿ, ಒಳಗಿನ ಸಭಾಂಗಣಕ್ಕೆ ತಂತಿ ಎಳೆದರೆ ಸಾಕು. ಆದರೆ ಕ್ಯಾಸಿನೋ ಮುಚ್ಚುವ ಮುನ್ನ ಇನ್ನೊಂದೇ ಒಂದು ಕಾರ್ಯಕ್ರಮ ಬಾಕಿ ಇತ್ತು. ಡಿಸೆಂಬರ್ 4ರ ಮಧ್ಯಾಹ್ನ ಅಮೆರಿಕದ ಫ್ರಾಂಕ್ ಝಾಪಾ ಮತ್ತು ಅವರ ಮದರ್ಸ್ ಆಫ್ ಇನ್ವೆನ್ಷನ್ ತಂಡದ ಕಾರ್ಯಕ್ರಮ. ಡೀಪ್ ಪರ್ಪಲ್‌ನವರೂ ಕೇಳಲು ಹೋದರು.

ಝಾಪಾ ತಂಡದ ಡಾನ್ ಪ್ರೆಸ್ಟನ್ ಸಿಂಥಸೈಸರ್ ನುಡಿಸುತ್ತಿದ್ದರು. ಆಗ ಸಭಿಕರಲ್ಲಿ ಯಾರೋ ಒಬ್ಬ ಫ್ಲೇರ್ ಗನ್ ತೆಗೆದು ಚಾವಣಿಯತ್ತ ಹಾರಿಸಿದ. ಅಪಾಯದಲ್ಲಿ ಸಿಕ್ಕ ಹಡಗಿನವರು ಆಕಾಶಕ್ಕೆ ಬೆಂಕಿಯುಂಡೆ ಹಾರಿಸಿ ಸುಳಿವು ಕೊಡುತ್ತಾರಲ್ಲ, ಆ ಪಿಸ್ತೂಲು. ಕ್ಯಾಸಿನೋದ ಚಾವಣಿಗೆ ಬೆತ್ತದ ಹೆಣಿಗೆಯ ಹೊದಿಕೆ ಇತ್ತು. ಒಣಗಿದ ಬೆತ್ತ ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು? ಝಾಪಾ ವೇದಿಕೆಯಿಂದಲೇ ಜನರಿಗೆ ಗಾಬರಿಯಾಗದೆ ಹೊರಗೆ ನಡೆಯಿರಿ ಎಂದರು. ನಾಬ್ಸ್ ಒಳಗೂ ಹೊರಗೂ ಓಡಾಡಿ, ಸಿಕ್ಕಿಹಾಕಿಕೊಂಡ ಹುಡುಗರನ್ನು ಹೊರಗೆ ಎಳೆದು ತಂದರು. ಕಟ್ಟಡ ಪೂರ್ತಿ ಸುಟ್ಟುಹೋಯಿತು. ಒಂದೂ ಜೀವ ಹೋಗಲಿಲ್ಲ ಎಂಬುದನ್ನು ನೆನೆದರೆ ಇವತ್ತಿಗೂ ನೆಮ್ಮದಿಯ ಉಸಿರು ಬರುತ್ತದೆ.

ಝಾಪಾ ತಂಡ ತನ್ನ ವಾದ್ಯಗಳನ್ನೆಲ್ಲ ಕಳೆದುಕೊಂಡಿತು. ಅಷ್ಟಕ್ಕೇ ಮುಗಿಯಲಿಲ್ಲ. ಡಿಸೆಂಬರ್ 10ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಸಭಿಕನೊಬ್ಬ ವೇದಿಕೆಗೆ ನುಗ್ಗಿ ಝಾಪಾ ಅವರನ್ನು ಕೆಳಗಿನ ವಾದ್ಯವೃಂದದ ಹಳ್ಳಕ್ಕೆ ತಳ್ಳಿದ. ಕಾಲು ಮುರಿದು, ತಲೆಗೂ ಕುತ್ತಿಗೆಗೂ ಪೆಟ್ಟು ಬಿದ್ದು ಅವರು ತಿಂಗಳುಗಟ್ಟಲೆ ಗಾಲಿಕುರ್ಚಿಯಲ್ಲಿ ಇರಬೇಕಾಯಿತು. ಈ ಹಾಡಿನ ಸಡಗರದ ನಡುವೆ ಝಾಪಾ ಪಟ್ಟ ಪಾಡನ್ನು ಜನ ಮರೆಯುತ್ತಾರೆ. ಮರೆಯಬಾರದು. ಅವರು ತೀರಿಕೊಂಡದ್ದು 1993ರಲ್ಲಿ. ಆ ದಿನವೂ ಡಿಸೆಂಬರ್ 4.

ಕ್ಯಾಸಿನೋ ಉರಿಯುವುದನ್ನು ಡೀಪ್ ಪರ್ಪಲ್‌ನವರು ತಾವು ಇಳಿದುಕೊಂಡಿದ್ದ ಹೋಟೆಲಿನಿಂದ ನೋಡಿದರು. ಬೆಟ್ಟದ ಕಡೆಯಿಂದ ಬೀಸಿದ ಗಾಳಿ ಹೊಗೆಯನ್ನು ಸರೋವರದ ಮೇಲೆ ಹಾಸಿತ್ತು. ಕೆಲವು ದಿನ ಕಳೆದ ಮೇಲೆ ಗ್ಲೋವರ್ ನಿದ್ದೆಯಿಂದ ಎಚ್ಚರಾಗುವಾಗ ಖಾಲಿ ಕೋಣೆಯಲ್ಲಿ ಜೋರಾಗಿ ಒಂದು ಮಾತು ಆಡಿದರು. ‘ಸ್ಮೋಕ್ ಆನ್ ದ ವಾಟರ್’, ನೀರ ಮೇಲೆ ಹೊಗೆ ಎಂಬ ಮಾತು ಅದು. ಗಿಲನ್‌ಗೆ ಹೇಳಿದಾಗ, ಇದು ಮಾದಕ ವಸ್ತುವಿನ ಹಾಡಿನ ಹೆಸರಿನಂತಿದೆ ಎಂದು ಅವರು ಹಿಂಜರಿದರು. ಮಾತು ಅಲ್ಲಿಗೇ ನಿಂತಿತು.

ಕ್ಯಾಸಿನೋ ಹೋದ ಮೇಲೆ ನಾಬ್ಸ್ ಊರಿನ ಪಾವಿಯೋನ್ ಎಂಬ ರಂಗಮಂದಿರವನ್ನು ಕೊಡಿಸಿದರು. ತಂಡದವರು ರಾತ್ರಿ ನುಡಿಸಲು ಕೂತರು. ಬ್ಲ್ಯಾಕ್‌ಮೋರ್ ಕೈಯಲ್ಲಿ ಒಂದು ಹೊಸ ರಿಫ್ ಇತ್ತು. ಹಾಡಿನ ಆರಂಭದಲ್ಲಿ ಬಂದು ಮತ್ತೆ ಮತ್ತೆ ಮರಳುವ ಗಿಟಾರಿನ ತುಣುಕಿಗೆ ರಾಕ್ ಸಂಗೀತಗಾರರು ಹೀಗೆನ್ನುತ್ತಾರೆ. ಹಾಡಿಗೆ ಸಾಹಿತ್ಯ ಇರಲಿಲ್ಲ, ಹೆಸರೂ ಇರಲಿಲ್ಲ. ಗುರುತಿಗೆಂದು ‘ಟೈಟಲ್ ನಂಬರ್ ಒನ್’ ಎಂದು ಕರೆದುಕೊಂಡರು. ಚಳಿಗಾಲದ ರಾತ್ರಿ, ನಿಶ್ಶಬ್ದವಾದ ಊರು, ರಾಕ್ ತಂಡದ ಅಬ್ಬರ. ಅಕ್ಕಪಕ್ಕದವರು ಪೊಲೀಸರಿಗೆ ದೂರು ಕೊಟ್ಟರು. ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರೆ, ತಂಡದ ಸಾಮಾನು ಸಾಗಿಸುವ ಹುಡುಗರು ಒಳಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಆ ಕೆಲವು ನಿಮಿಷಗಳಲ್ಲಿ ವಾದ್ಯಗಳ ಭಾಗ ಮುದ್ರಣವಾಗಿ ಮುಗಿಯಿತು. ಆಮೇಲೆ ಬಾಗಿಲು ತೆರೆದರು, ತಂಡವನ್ನು ಅಲ್ಲಿಂದ ಎಬ್ಬಿಸಲಾಯಿತು.

ಆ ರಿಫ್‌ನ ಬಳಿ ಸ್ವಲ್ಪ ನಿಲ್ಲೋಣ. ನಮ್ಮ ಸಂಗೀತದ ಲೆಕ್ಕದಲ್ಲಿ ನೋಡಿದರೆ ಅದರಲ್ಲಿರುವುದು ನಾಲ್ಕೇ ಸ್ವರ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ್ರತಿ ಮಧ್ಯಮ. ಮೂರು ಸಣ್ಣ ತುಣುಕುಗಳು. ಮೊದಲನೆಯದರಲ್ಲಿ ಮೂರು ಮೀಟು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಐದು. ಪ್ರತಿ ಮಧ್ಯಮ ಬರುವುದು ಒಂದೇ ಒಂದು ಸಲ, ನಡುವಿನ ತುಣುಕಿನಲ್ಲಿ. ಬಂದು, ಒತ್ತಿನಲ್ಲೇ ಶುದ್ಧ ಮಧ್ಯಮಕ್ಕೆ ಜಾರಿಬಿಡುತ್ತದೆ. ಎರಡು ಮಧ್ಯಮಗಳು ಹೀಗೆ ಮೈಗೆ ಮೈ ತಾಗಿಸಿ ಬರುವಾಗ ಹುಟ್ಟುವ ತುಡಿತವೇ ಈ ರಿಫ್‌ನ ಜೀವ.

ಇನ್ನೊಂದು ಗುಟ್ಟಿದೆ. ಬ್ಲ್ಯಾಕ್‌ಮೋರ್ ಒಂದೊಂದು ಸ್ವರವನ್ನೂ ಒಂಟಿಯಾಗಿ ನುಡಿಸಲಿಲ್ಲ. ಎರಡೆರಡು ತಂತಿ ಸೇರಿಸಿದರು. ಷಡ್ಜದ ಕೆಳಗೆ ಮಂದ್ರ ಪಂಚಮ, ಗಾಂಧಾರದ ಕೆಳಗೆ ಮಂದ್ರ ಕೈಶಿಕಿ ನಿಷಾದ, ಶುದ್ಧ ಮಧ್ಯಮದ ಕೆಳಗೆ ಷಡ್ಜ, ಪ್ರತಿ ಮಧ್ಯಮದ ಕೆಳಗೆ ಶುದ್ಧ ರಿಷಭ. ಪ್ರತಿ ಜೋಡಿಯ ನಡುವೆಯೂ ಷಡ್ಜಕ್ಕೂ ಮಧ್ಯಮಕ್ಕೂ ಇರುವಷ್ಟೇ ಅಂತರ. ಹಾಗಾಗಿ ಇಷ್ಟು ಸರಳವಾದ ನಡೆಗೆ ಅಷ್ಟು ಭಾರ ಬಂತು. ತಂತಿ ಮೀಟುವ ಪ್ಲೆಕ್ಟ್ರಮ್‌ನಿಂದ ಕೆಳಕ್ಕೆ ಎಳೆದರೆ ಒಂದು ತಂತಿ ಮೊದಲು, ಇನ್ನೊಂದು ಕ್ಷಣಾರ್ಧ ತಡವಾಗಿ ಮಿಡಿಯುತ್ತದೆ. ಬ್ಲ್ಯಾಕ್‌ಮೋರ್ ಬೆರಳುಗಳಿಂದಲೇ ಎರಡನ್ನೂ ಒಟ್ಟಿಗೆ ಮೀಟಿದರು. ಗಿಟಾರ್ ಕಲಿಯುವ ಹುಡುಗರು ಇದನ್ನು ಒಂದೇ ತಂತಿಯಲ್ಲಿ ನುಡಿಸಿ, ಮೂಲದ ನಾದ ಯಾಕೆ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕಾರಣ ಈ ಜೋಡಿ ಸ್ವರದಲ್ಲಿ, ಬೆರಳಿನ ಆ ಮೀಟಿನಲ್ಲಿದೆ. ಮೊದಲು ಗಿಟಾರ್ ಒಂದೇ ಬರುತ್ತದೆ. ಆಮೇಲೆ ಪೇಸ್ ಅವರ ಹೈ-ಹ್ಯಾಟ್ ತಾಳ ಸಣ್ಣಗೆ ಸೇರುತ್ತದೆ. ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಅದೇ ರಿಫ್ ಹಿಡಿಯುತ್ತಾರೆ. ಗ್ಲೋವರ್ ಅವರ ಬೇಸ್ ಬಂದು ಕೂಡಿಕೊಂಡಾಗ ನೆಲವೇ ಅಲುಗಿದಂತಾಗುತ್ತದೆ. ಹಂತ ಹಂತವಾಗಿ ಹೀಗೆ ಏರುವುದನ್ನು ಎಷ್ಟು ಸಲ ಕೇಳಿದರೂ ನನಗೆ ಸಾಕೆನಿಸಿಲ್ಲ.

ಕೊನೆಗೆ ಜಾಗ ಸಿಕ್ಕಿದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರಾಂಡ್ ಹೋಟೆಲಿನಲ್ಲಿ. ಖಾಲಿ ಕಾರಿಡಾರಿನಲ್ಲಿ ವಾದ್ಯಗಳನ್ನಿಟ್ಟು, ಸದ್ದು ಹೊರಗೆ ಹೋಗದಂತೆ ಕೋಣೆಗಳ ಹಾಸಿಗೆಗಳನ್ನು ತಂದು ಅಡ್ಡ ನಿಲ್ಲಿಸಿದರು. ಮೈ ಕೊರೆಯುವ ಚಳಿಗೆ ದೊಡ್ಡ ಹೀಟರುಗಳು ಬಂದವು. ಲಾರಿ ನಿಂತಿದ್ದದ್ದು ಹೊರಗೆ. ಮುದ್ರಿಸಿದ್ದನ್ನು ಕೇಳಬೇಕೆಂದರೆ ಕೋಣೆಗಳನ್ನು ಹಾದು, ಬಾಲ್ಕನಿ ದಾಟಿ, ಹಿಮದಲ್ಲಿ ನಡೆದು ಲಾರಿಗೆ ಹೋಗಬೇಕಿತ್ತು. ಬೇಸತ್ತು ಕೇಳುವುದನ್ನೇ ಬಿಟ್ಟರು. ಚೆನ್ನಾಗಿ ಬಂತು ಅನ್ನಿಸುವವರೆಗೆ ನುಡಿಸುವುದು, ಮುಂದಿನ ಹಾಡಿಗೆ ಹೋಗುವುದು. ಲಾರಿಯೊಳಗೆ ಕೂತ ಎಂಜಿನಿಯರ್ ಮಾರ್ಟಿನ್ ಬರ್ಚ್ ಅವರ ಕಿವಿಯ ಮೇಲೆ ನಂಬಿಕೆ ಇಟ್ಟರು. ಆ ಆಲ್ಬಂನಲ್ಲಿ ಇವತ್ತಿಗೂ ಕೇಳಿಬರುವ ಕಸುವು ಈ ಇಕ್ಕಟ್ಟಿನಿಂದಲೇ ಬಂದದ್ದು ಎಂದು ನಾನು ನಂಬುತ್ತೇನೆ.

ಕೆಲಸ ಮುಗಿಯುವ ಹೊತ್ತಿಗೆ ಆಲ್ಬಂಗೆ ಇನ್ನೂ ಏಳೆಂಟು ನಿಮಿಷ ಕಡಿಮೆ ಎಂದು ಗೊತ್ತಾಯಿತು. ಆಗ ನೆನಪಾದದ್ದು ಪಾವಿಯೋನ್‌ನಲ್ಲಿ ಪೊಲೀಸರು ಬಾಗಿಲು ಬಡಿಯುವಾಗ ಮುದ್ರಿಸಿದ್ದ ಆ ಹೆಸರಿಲ್ಲದ ತುಣುಕು. ಅದಕ್ಕೆ ಮಾತು ಬೇಕು. ಏನು ಬರೆಯುವುದು? ಈ ಊರಿಗೆ ಬಂದ ಮೇಲೆ ನಮಗೆ ಆದದ್ದನ್ನೇ ಬರೆಯೋಣ ಎಂದು ಗಿಲನ್ ಮತ್ತು ಗ್ಲೋವರ್ ಕೂತರು. ಬದಿಗಿಟ್ಟಿದ್ದ ಹೆಸರು ಮತ್ತೆ ಬಂತು. ಯಾವ ಊರು, ಯಾವ ಸರೋವರ, ಯಾರ ಲಾರಿ, ಯಾರ ಕಾರ್ಯಕ್ರಮ, ಬೆಂಕಿ ಹತ್ತಿದ್ದು ಹೇಗೆ, ಹುಡುಗರನ್ನು ಹೊರಗೆ ಎಳೆದವರು ಯಾರು, ಆಮೇಲೆ ತಾವು ಎಲ್ಲಿ ಜಾಗ ಹುಡುಕಿದರು ಎಂಬುದೆಲ್ಲ ಹಾಡಿನಲ್ಲಿ ಕ್ರಮವಾಗಿ ಬರುತ್ತದೆ. ನಾಬ್ಸ್ ಅವರ ಮೊದಲ ಹೆಸರೂ ಇದೆ, ಝಾಪಾ ಹೆಸರೂ ಇದೆ. ನಮ್ಮ ಉತ್ತರ ಕರ್ನಾಟಕದ ಲಾವಣಿಕಾರ ಹಲಗಲಿ ಬೇಡರ ಕಥೆ ಹೇಳುವಾಗ ಊರನ್ನೂ ಆಳುಗಳನ್ನೂ ಹೆಸರು ಹಿಡಿದು ಹೇಳುತ್ತಾನಲ್ಲ, ಅದೇ ಜಾಡು. ಗಿಲನ್ ಬೇರೆ ಹಾಡುಗಳಲ್ಲಿ ತಾರಸ್ಥಾಯಿಯಲ್ಲಿ ಚೀರಿ ಹೆಸರು ಮಾಡಿದವರು. ಇಲ್ಲಿ ಒಂದು ಕಡೆಯೂ ಚೀರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತಾರೆ. ಹಾಡು ಹಳತಾಗದಿರುವುದಕ್ಕೆ ರಿಫ್‌ನಷ್ಟೇ ಈ ಸಂಯಮವೂ ಕಾರಣ.

ಇನ್ನು ಬಿಡುಗಡೆಯ ವಿಷಯಕ್ಕೆ ಬರುತ್ತೇನೆ. ‘ಮಷೀನ್ ಹೆಡ್’ ಎಂಬ ಹೆಸರಿನ ಈ ಆಲ್ಬಂ 1972ರ ಮಾರ್ಚ್‌ನಲ್ಲಿ ಹೊರಬಂತು. ಏಳು ಹಾಡು. ‘ಸ್ಮೋಕ್ ಆನ್ ದ ವಾಟರ್’ ತಟ್ಟೆಯ ಎರಡನೆಯ ಬದಿಯ ಮೊದಲ ಹಾಡು. ಬ್ರಿಟನ್ನಿನಲ್ಲಿ ಆಲ್ಬಂ ಮೊದಲ ಸ್ಥಾನಕ್ಕೆ ಹೋಯಿತು. ಆದರೆ ಆ ಕಾಲದಲ್ಲಿ ಒಂದು ಹಾಡು ಮನೆಮನೆಗೆ ತಲುಪಬೇಕಾದರೆ ಸಿಂಗಲ್ ಆಗಿ ಬರಬೇಕಿತ್ತು. ಸಿಂಗಲ್ ಎಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಏಳಂಗುಲದ ಪುಟ್ಟ ತಟ್ಟೆ, ಬದಿಗೊಂದು ಹಾಡು. ರೇಡಿಯೋದವರು ಹೆಚ್ಚಾಗಿ ಹಾಕುತ್ತಿದ್ದದ್ದು ಅದನ್ನೇ. ತಂಡ ಸಿಂಗಲ್ಲಿಗೆ ಆರಿಸಿಕೊಂಡದ್ದು ‘ನೆವರ್ ಬಿಫೋರ್’ ಎಂಬ ಹಾಡನ್ನು. ಎಲ್ಲರಿಗೂ ರುಚಿಸುವ ಹಾಡು ಇದೇ ಎಂದು ನಂಬಿ ಅದರ ಮೇಲೆ ಹೆಚ್ಚು ಶ್ರಮವನ್ನೂ ಹಾಕಿದ್ದರು. ಅದು ಬ್ರಿಟನ್ನಿನ ಪಟ್ಟಿಯಲ್ಲಿ 35ನೆಯ ಸ್ಥಾನದಲ್ಲಿ ನಿಂತಿತು. ‘ಸ್ಮೋಕ್ ಆನ್ ದ ವಾಟರ್’ ಐದು ನಿಮಿಷ ನಲವತ್ತು ಸೆಕೆಂಡಿನ ಹಾಡು. ಅಷ್ಟು ಉದ್ದದ್ದನ್ನು ಸಿಂಗಲ್ ಮಾಡುವ ಯೋಚನೆ ಯಾರಿಗೂ ಬರಲಿಲ್ಲ.

ಆದರೆ ವೇದಿಕೆಯ ಮೇಲೆ ಬೇರೆಯೇ ನಡೆಯಿತು. 1972ರ ಮಾರ್ಚ್ 9ರಂದು, ಆಲ್ಬಂ ಇನ್ನೂ ಅಂಗಡಿಗೆ ಬರುವ ಮುನ್ನವೇ, ಬಿಬಿಸಿ ರೇಡಿಯೋಗಾಗಿ ಲಂಡನ್ನಿನ ಪ್ಯಾರಿಸ್ ಥಿಯೇಟರಿನಲ್ಲಿ ಸಭಿಕರ ಮುಂದೆ ಅವರು ಇದನ್ನು ಹಾಡಿದರು. ಬಾನುಲಿಯಲ್ಲಿ ಕೂತು ಮಾತನಾಡುವ ನನಗೆ ಇದು ಸಂತೋಷದ ವಿಷಯ. ಅಲ್ಲಿಂದ ಮುಂದೆ ಪ್ರತಿ ಪ್ರವಾಸದಲ್ಲೂ ಈ ಹಾಡು ಬಂತು. ರಿಫ್‌ನ ಮೊದಲ ಮೀಟಿಗೇ ಜನ ಗುರುತಿಸತೊಡಗಿದರು.

ಆ ವರ್ಷದ ಆಗಸ್ಟ್‌ನಲ್ಲಿ ತಂಡ ಜಪಾನಿಗೆ ಹೋಯಿತು. 15 ಮತ್ತು 16ರಂದು ಒಸಾಕಾ, 17ರಂದು ಟೋಕಿಯೋದ ಬುಡೋಕಾನ್. ಕಾರ್ಯಕ್ರಮವನ್ನು ಧ್ವನಿಮುದ್ರಿಸಿ ಕೊಡಿ, ಜಪಾನಿನಲ್ಲಷ್ಟೇ ಮಾರುತ್ತೇವೆ ಎಂದು ಅಲ್ಲಿನ ಕಂಪನಿ ಕೇಳಿತ್ತು. ತಂಡಕ್ಕೆ ಅದರಲ್ಲಿ ಅಂಥ ಉತ್ಸಾಹವಿರಲಿಲ್ಲ. ಮುದ್ರಿಸಿದ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ನೋಡಿಕೊಳ್ಳಲು ಹೋದವರು ಗ್ಲೋವರ್ ಮತ್ತು ಪೇಸ್ ಇಬ್ಬರೇ. ಕೇಳಿ ನೋಡಿದಾಗ ಅದು ಜಪಾನಿಗಷ್ಟೇ ಬಿಡುವ ಸರಕಲ್ಲ ಎಂದು ಎಲ್ಲರಿಗೂ ಹೊಳೆಯಿತು. ‘ಮೇಡ್ ಇನ್ ಜಪಾನ್’ ಹೆಸರಿನಲ್ಲಿ ಅದು ಬ್ರಿಟನ್ನಿನಲ್ಲಿ 1972ರ ಡಿಸೆಂಬರಿನಲ್ಲಿ, ಅಮೆರಿಕದಲ್ಲಿ 1973ರ ಏಪ್ರಿಲ್‌ನಲ್ಲಿ ಬಂತು. ಅದರಲ್ಲಿರುವ ‘ಸ್ಮೋಕ್ ಆನ್ ದ ವಾಟರ್’ ಆಗಸ್ಟ್ 15ರ ಒಸಾಕಾದ್ದು. ಬ್ಲ್ಯಾಕ್‌ಮೋರ್ ರಿಫ್‌ನ ಲಯವನ್ನು ಬೇಕೆಂದೇ ಬದಲಿಸಿ, ಜನರನ್ನು ಕಾಯಿಸಿ, ಆಮೇಲೆ ನೇರ ದಾರಿಗೆ ಬರುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾ ಜೊತೆಗೂಡುತ್ತಾರೆ. ಕೊನೆಯಲ್ಲಿ ಗಿಟಾರಿಗೂ ಆರ್ಗನ್ನಿಗೂ ಪ್ರಶ್ನೋತ್ತರ ನಡೆಯುತ್ತದೆ. ಏಳು ನಿಮಿಷ ಮೀರಿದರೂ ಉದ್ದವಾಯಿತು ಅನ್ನಿಸುವುದಿಲ್ಲ.

ಈ ಆಲ್ಬಂ ಅಮೆರಿಕದಲ್ಲಿ ಓಡತೊಡಗಿದಾಗ ವಾರ್ನರ್ ಬ್ರದರ್ಸ್ ಕಂಪನಿ 1973ರ ಮೇ ತಿಂಗಳಲ್ಲಿ ಹಾಡನ್ನು ಸಿಂಗಲ್ ಮಾಡಿತು. ಒಂದು ಬದಿಗೆ ಸ್ಟುಡಿಯೋ ರೂಪ, ರೇಡಿಯೋಕ್ಕೆ ಒಗ್ಗುವಂತೆ ನಾಲ್ಕು ನಿಮಿಷದೊಳಗೆ ಕತ್ತರಿಸಿದ್ದು. ಇನ್ನೊಂದು ಬದಿಗೆ ಜಪಾನಿನ ರೂಪ, ಅದನ್ನೂ ಚಿಕ್ಕದು ಮಾಡಿದ್ದು. ಒಂದೇ ತಟ್ಟೆಯ ಎರಡು ಬದಿಗೂ ಒಂದೇ ಹಾಡು! ಬೇಸಿಗೆಯುದ್ದಕ್ಕೂ ಅದು ಪಟ್ಟಿಯಲ್ಲಿ ಏರಿತು. ವರ್ಷ ಹಳೆಯದಾಗಿದ್ದ ‘ಮಷೀನ್ ಹೆಡ್’ ಕೂಡ ಅದರ ಬೆನ್ನಿಗೆ ಮತ್ತೆ ಮೇಲೆದ್ದು ಅಮೆರಿಕದಲ್ಲಿ ಏಳನೆಯ ಸ್ಥಾನ ಮುಟ್ಟಿತು. ಅತ್ತ ಐವರ ನಡುವಿನ ಮನಸ್ತಾಪ ಬಲಿತು, ತಂಡ ಬಿಡುವ ಮುನ್ನ ಗಿಲನ್ ಮತ್ತು ಗ್ಲೋವರ್ ಕೊನೆಯ ಸಲ ನುಡಿಸಿದ್ದು ಅದೇ ಒಸಾಕಾದಲ್ಲಿ. ಬೇರೆಯವರ ಧ್ವನಿಯಲ್ಲಿ ಹಾಡು ಮುಂದುವರಿಯಿತು. 1974ರ ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾ ಜ್ಯಾಮ್ ಎಂಬ ಬೃಹತ್ ಮೇಳದಲ್ಲಿ ಅದನ್ನು ಹಾಡಿದವರು ತಂಡಕ್ಕೆ ಹೊಸದಾಗಿ ಬಂದ ಡೇವಿಡ್ ಕವರ್‌ಡೇಲ್ ಮತ್ತು ಗ್ಲೆನ್ ಹ್ಯೂಸ್.

ತಂಡದ ಸ್ವಂತ ನಾಡಾದ ಬ್ರಿಟನ್ನಿನಲ್ಲಿ ಈ ಹಾಡು ಸಿಂಗಲ್ ಪಟ್ಟಿಗೆ ಬಂದದ್ದು 1977ರಲ್ಲಿ, 21ನೆಯ ಸ್ಥಾನಕ್ಕೆ. ಅಷ್ಟರಲ್ಲಿ ಡೀಪ್ ಪರ್ಪಲ್ ತಂಡವೇ ಇರಲಿಲ್ಲ. 1976ರಲ್ಲಿ ಅದು ಚದುರಿಹೋಗಿತ್ತು. 1984ರಲ್ಲಿ ಹಳೆಯ ಐವರೂ ಮತ್ತೆ ಕೂಡಿದರು.

1988ರ ಡಿಸೆಂಬರ್ 7ರಂದು ಆರ್ಮೇನಿಯಾದಲ್ಲಿ ಭೂಕಂಪವಾಗಿ ಸಾವಿರಾರು ಜನ ಸತ್ತರು. ಸಂತ್ರಸ್ತರ ನೆರವಿಗೆ ರಾಕ್ ಸಂಗೀತಗಾರರು ಒಟ್ಟಾಗಿ ಒಂದು ಹಾಡು ಹೊಸದಾಗಿ ಮುದ್ರಿಸಲು ಹೊರಟಾಗ ಆರಿಸಿಕೊಂಡದ್ದು ಇದನ್ನೇ. 1989ರ ಆ ಮುದ್ರಣದಲ್ಲಿ ಗಿಲನ್, ಬ್ಲ್ಯಾಕ್‌ಮೋರ್ ಜೊತೆಗೆ ಬ್ರಯಾನ್ ಮೇ, ಡೇವಿಡ್ ಗಿಲ್ಮೋರ್, ಟೋನಿ ಅಯೋಮಿ, ಬ್ರೂಸ್ ಡಿಕಿನ್ಸನ್, ಪಾಲ್ ರಾಜರ್ಸ್ ಮುಂತಾದವರಿದ್ದಾರೆ. ಇಷ್ಟು ಬೇರೆ ಬೇರೆ ತಂಡಗಳವರು ಒಂದು ಮುದ್ರಣಕ್ಕೆ ಸೇರಿದಾಗ ಎಲ್ಲರಿಗೂ ಆಗಲೇ ಬರುತ್ತಿದ್ದ ಹಾಡು ಬೇಕಿತ್ತು. ಇದಕ್ಕಿಂತ ಸರಿಯಾದ ಆಯ್ಕೆ ಇರಲಿಲ್ಲ. ಹಾಡು ನಮ್ಮ ನಾಡಿಗೂ ತಲುಪಿದೆ. 2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. ಬೆಂಗಳೂರಿನ ಗಿಟಾರ್ ಪಾಠಗಳಲ್ಲಂತೂ ಈ ರಿಫ್ ಅದಕ್ಕೆ ಬಹಳ ಮುಂಚಿನಿಂದ ನೆಲೆಯೂರಿದೆ.

ಮೂಲ ಮುದ್ರಣವೂ ಮತ್ತೆ ಮತ್ತೆ ಹೊಸದಾಗಿ ಬಂದಿದೆ. 1997ರಲ್ಲಿ, ಇಪ್ಪತ್ತೈದನೆಯ ವರ್ಷದ ನೆನಪಿಗೆ, ಗ್ಲೋವರ್ ಹಳೆಯ ಟೇಪುಗಳಿಂದ ಹೊಸ ಮಿಕ್ಸ್ ಮಾಡಿದರು. ಅದರಲ್ಲಿ ಹಾಡು ಮುಗಿದ ಮೇಲೆ ಗಿಲನ್ ಝಾಪಾ ಅವರನ್ನು ಹೆಸರು ಹಿಡಿದು ಕರೆದು ಆಡಿದ ಮಾತೊಂದು ಕೇಳುತ್ತದೆ. 2024ರಲ್ಲಿ ಆಲ್ಬಂನ ಐವತ್ತರ ನೆನಪಿನ ಆವೃತ್ತಿ ಬಂದಾಗ ಹೊಸ ಮಿಕ್ಸ್ ಮಾಡಿದವರು ಡ್ವೀಝಿಲ್ ಝಾಪಾ, ಫ್ರಾಂಕ್ ಝಾಪಾ ಅವರ ಮಗ. ಅಪ್ಪನ ವಾದ್ಯಗಳನ್ನು ಸುಟ್ಟ ಬೆಂಕಿಯ ಹಾಡಿಗೆ ಮಗ ಕೈಹಚ್ಚಿದರು. ಈ ಆಯ್ಕೆ ಮಾಡಿದವರ ಮನಸ್ಸು ದೊಡ್ಡದು, ಒಪ್ಪಿಕೊಂಡವರ ಮನಸ್ಸು ಇನ್ನೂ ದೊಡ್ಡದು.

ಸುಟ್ಟುಹೋಗಿದ್ದ ಮಾಂಟ್ರೂ ಕ್ಯಾಸಿನೋ ಮರಳಿ ಎದ್ದು 1975ರಲ್ಲಿ ತೆರೆಯಿತು. ಜಾನ್ ಲಾರ್ಡ್ 2012ರ ಜುಲೈನಲ್ಲಿ, ಕ್ಲೋಡ್ ನಾಬ್ಸ್ 2013ರ ಜನವರಿಯಲ್ಲಿ ತೀರಿಕೊಂಡರು.

ಈ ಹಾಡನ್ನು ಕೇಳದವರು ಮೊದಲು 1972ರ ಸ್ಟುಡಿಯೋ ಮುದ್ರಣ ಕೇಳಿ, ಅದೂ ಕತ್ತರಿಸದ ಪೂರ್ತಿ ರೂಪ. ಗಿಟಾರಿನ ಕೆಳಗೆ ಆರ್ಗನ್ ಎಲ್ಲಿ ಬಂದು ಸೇರಿತು ಎಂದು ಗಮನವಿಡಿ. ಆಮೇಲೆ ಒಸಾಕಾದ್ದನ್ನು ಹಾಕಿಕೊಳ್ಳಿ, ಆರಂಭದ ಚಪ್ಪಾಳೆಯನ್ನು ತಪ್ಪಿಸಿಕೊಳ್ಳಬೇಡಿ. ಅಮೆರಿಕದ ಕಂಪನಿಗೆ ಈ ಹಾಡಿನ ಬೆಲೆ ತಿಳಿಸಿದ್ದು ಅಂಥ ಚಪ್ಪಾಳೆಯೇ.